ಜೊತೆಗಿಡ ನೆಡುವಾಗ ದಿನದ ಲೆಕ್ಕ ಇಟ್ಟುಕೊಳ್ಳಿ

ಟೊಮೇಟೊ ಪಕ್ಕ ಚೆಂಡು ಹೂ ಹಾಕಿದರೆ ಹುಳು ಬರಲ್ಲ ಅನ್ನುವುದು ಅರ್ಧ ಮಾತು. ಹುಳು ಬಂದೇ ಬರುತ್ತೆ, ಚೆಂಡು ಹೂವಿಗೆ ಬರುತ್ತೆ. ಕಾಯಿಕೊರಕದ ಪತಂಗ ಮೊಟ್ಟೆಯಿಡಲು ಆ ಮೊಗ್ಗನ್ನೇ ಹುಡುಕುತ್ತದೆ. ಟೊಮೇಟೊ ಹೂ ಬಿಡುವ ಹೊತ್ತಿಗೆ ಮೊಗ್ಗು ತಯಾರಿರಬೇಕು, ಅಷ್ಟೇ. ಎರಡನ್ನೂ ಒಂದೇ ದಿನ ಬಿತ್ತಿದರೆ ಈ ಲೆಕ್ಕ ತಪ್ಪುತ್ತದೆ. ಚೆಂಡು ಹೂವಿನ ಬೀಜವನ್ನು 15 ದಿನ ಮೊದಲೇ ಸಸಿಮಡಿಗೆ ಹಾಕಿ, 40 ದಿನದ ಅದರ ಸಸಿಯನ್ನೂ 25 ದಿನದ ಟೊಮೇಟೊ ಸಸಿಯನ್ನೂ ಒಟ್ಟಿಗೆ ನಾಟಿ ಮಾಡಿ. ಆಮೇಲೆ ಎರಡು ದಿನಕ್ಕೊಮ್ಮೆ ಮೊಗ್ಗು ತಿರುಗಿಸಿ ನೋಡಿ. ತೂತು ಬಿದ್ದು ಒಳಗೆ ಹಿಕ್ಕೆ ಕಂಡರೆ ಕಿತ್ತು ಸೋಪಿನ ನೀರಿಗೆ ಹಾಕಿ. ಸುಮ್ಮನೆ ಬಿಟ್ಟರೆ ಹುಳು ಸಾಕಿದ ಹಾಗಾಯಿತು.

ಮಣ್ಣಿನ ಸಣ್ಣ ಜಂತುಹುಳು ಬೇರಿಗೆ ಹೊಕ್ಕು ಬರುವ ಬೇರುಗಂಟು ರೋಗಕ್ಕೂ ಚೆಂಡು ಹೂ ಒಳ್ಳೆಯದೇ, ಆದರೆ ಅಂಚಿಗೆ ನಾಲ್ಕು ಗಿಡ ನೆಟ್ಟರೆ ಏನೂ ಆಗದು. ಇಡೀ ಮಡಿಗೆ ಗೇಣಿಗೊಂದರಂತೆ ನೆಟ್ಟು, ಎರಡು ಮೂರು ತಿಂಗಳು ಬೆಳೆಸಿ, ನಂತರ ಅದೇ ಜಾಗದಲ್ಲಿ ತರಕಾರಿ ಹಾಕಬೇಕು.

ಮೆಕ್ಕೆಜೋಳಕ್ಕೆ ಬಳ್ಳಿ ಅಲಸಂದೆ ಹಬ್ಬಿಸುವವರು ಜೋಳ ಗೇಣುದ್ದ ಆಗುವವರೆಗೆ ಕಾಯಿರಿ. ಒಟ್ಟಿಗೆ ಬಿತ್ತಿದರೆ ಬಳ್ಳಿ ಎಳೆಯ ದಂಟನ್ನು ಸುತ್ತಿ ಬಗ್ಗಿಸಿಬಿಡುತ್ತದೆ. ಅಲಸಂದೆ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತದೆ ನಿಜ, ಆದರೆ ಅದನ್ನೇ ನಂಬಿ ಜೋಳಕ್ಕೆ ಗೊಬ್ಬರ ನಿಲ್ಲಿಸಬೇಡಿ. ಗಿಡ ಬದುಕಿದ್ದಾಗ ಪಕ್ಕದವರಿಗೆ ಸಾರಜನಕ ಬಿಟ್ಟುಕೊಡುವುದು ಕಮ್ಮಿ, ಬೇರು ಕೊಳೆತ ಮೇಲೇ ಹೆಚ್ಚು. ಹಾಗಾಗಿ ಕೊಯ್ಲು ಮುಗಿದಾಗ ಬಳ್ಳಿ ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ. ಕಾಯಿ ಕಟ್ಟುವ ಮುಂಚೆ ಒಂದು ಗಿಡ ಅಗೆದು ಬೇರಿನ ಗಂಟು ಸೀಳಿ ನೋಡಿ: ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ, ಬಿಳಿಚಿದ್ದರೆ ಇಲ್ಲ.

ಮೂಲಂಗಿ, ಕ್ಯಾರೆಟ್ ಬೀಜ ಬೆರೆಸಿ ಒಂದೇ ಸಾಲಿಗೆ ಬಿತ್ತಬಹುದು. ಮೂಲಂಗಿ ನಾಲ್ಕೈದು ದಿನಕ್ಕೆ ಮೇಲೆದ್ದು ಸಾಲು ತೋರಿಸುತ್ತದೆ. ಬೇಗ ಬರುವ ತಳಿಯಾದರೆ 30 ದಿನದೊಳಗೆ ಕಿತ್ತು ಕ್ಯಾರೆಟ್‌ಗೆ ಜಾಗ ಬಿಡಿ.

ಟೊಮೇಟೊ, ಆಲೂಗಡ್ಡೆ ಮಾತ್ರ ಅಕ್ಕಪಕ್ಕ ಬೇಡ, ಎರಡಕ್ಕೂ ಅಂಗಮಾರಿ ಒಂದೇ. ಪುದೀನ ಕುಂಡದಲ್ಲೇ ಇರಲಿ.

ಕೊತ್ತಂಬರಿಯನ್ನು 20 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ, ಪ್ರತಿ ಸಲವೂ ನಾಲ್ಕು ಗಿಡ ಹೂವಿಗೆ ಬಿಡಿ. ಆ ಹೂವಿಗೆ ಬರುವ ಪಟ್ಟೆ ನೊಣ ಸಸ್ಯಹೇನು (ಗಿಡದ ರಸ ಹೀರುವ ಪುಟ್ಟ ಕೀಟ) ಹತ್ತಿದ ಎಲೆಯಲ್ಲಿ ಮೊಟ್ಟೆಯಿಡುತ್ತದೆ. ಹೇನಿನ ನಡುವೆ ಕಾಲಿಲ್ಲದ, ಮೆತ್ತನೆಯ ಹಸಿರು ಹುಳು ತೆವಳುತ್ತಿದ್ದರೆ ಹಿಸುಕಬೇಡಿ, ಹೇನು ತಿನ್ನುವ ಮರಿ ಅದೇ.