ಐಪಿ ವಿ6 ವಿಳಾಸ: ಶುರುವಿನ ಅಕ್ಷರ ನೋಡಿ, ಜಾತಕ ಹೇಳಿ

ನೆಟ್‌ವರ್ಕಿನಲ್ಲಿ ನಿಮ್ಮ ಸಾಧನವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ, ಅದರ ಹೊಸ ಆವೃತ್ತಿ ವಿ6. ಮೊದಲು ನಿಮ್ಮ ವಿಳಾಸ ತೆಗೆದು ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕಮಾಂಡ್ ಕೊಟ್ಟರೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಇರುತ್ತದೆ. ಕೋಲನ್ ತುಂಬಿದ ಉದ್ದನೆಯ ಸಾಲೇ ಐಪಿ ವಿ6. ಹಳೇ ವಿ4ರಲ್ಲಿ ಇದ್ದದ್ದು 32 ಬಿಟ್ (0 ಅಥವಾ 1ರ ಸ್ಥಾನ), ಅಂದರೆ ಸುಮಾರು 429 ಕೋಟಿ ವಿಳಾಸ. ಅದರ ಜಾಗತಿಕ ದಾಸ್ತಾನು 2011ರಲ್ಲೇ ಖಾಲಿ. ವಿ6ರಲ್ಲಿ 128 ಬಿಟ್.

ಒಂದೇ ಲ್ಯಾಪ್‌ಟಾಪಿಗೆ ಮೂರ್ನಾಲ್ಕು ವಿಳಾಸ ಕಂಡರೆ ಗಾಬರಿ ಬೇಡ, ಅದು ಹಾಗೇ ಇರುತ್ತದೆ.

ಈಗ ಓದುವುದು. 2001:0ಡಿಬಿ8:0:0:0:0:0:0001 ಅನ್ನು 2001:ಡಿಬಿ8::1 ಎಂದು ಬರೆಯಬಹುದು. ಕೋಲನ್‌ಗಳ ನಡುವಿನ ಪ್ರತಿ ಗುಂಪಿನ ಶುರುವಿನ ಸೊನ್ನೆ ಬಿಡಿ, ಸಾಲಾಗಿ ಬಂದ ಸೊನ್ನೆ ಗುಂಪುಗಳಿಗೆ ಎರಡು ಕೋಲನ್ ಹಾಕಿ, ಆದರೆ ಒಂದು ವಿಳಾಸದಲ್ಲಿ ಒಂದೇ ಸಲ. (ಈ 2001:ಡಿಬಿ8 ಪುಸ್ತಕದ ಉದಾಹರಣೆಗೆಂದೇ ಮೀಸಲು, ಸುಮ್ನೆ ನಿಮ್ಮ ರೌಟರಿಗೆ ಹಾಕಬೇಡಿ.) ಕೊನೆಯಲ್ಲಿ /64 ಇದ್ದರೆ ಎಡದಿಂದ 64 ಬಿಟ್ ನೆಟ್‌ವರ್ಕಿನದು, ಉಳಿದದ್ದು ನಿಮ್ಮ ಸಾಧನದ್ದು.

ಎಫ್‌ಇ80 ಅಂತ ಶುರುವಾದರೆ ಅದು ಲಿಂಕ್ ಲೋಕಲ್, ಪ್ರಿಫಿಕ್ಸ್ (ವಿಳಾಸದ ಶುರುವಿನ ಭಾಗ) ಎಫ್‌ಇ80::/10. ಜನ ಜಾಸ್ತಿ ಎಡವುವುದು ಇಲ್ಲೇ. ಇದನ್ನು ಕಂಡು 'ನನಗೆ ವಿ6 ಬಂದಿದೆ' ಅಂದುಕೊಳ್ಳುತ್ತಾರೆ, ಆದರೆ ಇದನ್ನು ಯಾರೂ ಕೊಡಬೇಕಿಲ್ಲ, ಸಾಧನ ತಾನೇ ಹಾಕಿಕೊಳ್ಳುತ್ತದೆ, ಮತ್ತು ಇದು ರೌಟರ್ ದಾಟಿ ಆಚೆ ಹೋಗುವುದೇ ಇಲ್ಲ. ಈ ವಿಳಾಸವನ್ನು ಪಿಂಗ್ ಮಾಡುವಾಗ (ಆ ಸಾಧನ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸುವಾಗ) ವಿಂಡೋಸ್ ತೋರಿಸುವ ಶೇಕಡಾ ಚಿಹ್ನೆ, ಅದರ ಮುಂದಿನ ಸಂಖ್ಯೆ ಎರಡನ್ನೂ ಸೇರಿಸಿ. ಯಾವ ನೆಟ್‌ವರ್ಕ್ ಕಾರ್ಡ್ ಎಂದು ಅದೇ ಹೇಳುವುದು.

2 ಅಥವಾ 3ರಿಂದ ಶುರುವಾದರೆ ನಿಜವಾದ ಇಂಟರ್ನೆಟ್ ವಿಳಾಸ, 2000::/3. ನಮ್ಮಲ್ಲಿ ಹೆಚ್ಚಾಗಿ 240ರಿಂದ ಶುರುವಾಗುವುದು ಕಾಣುತ್ತದೆ, ಯಾಕೆಂದರೆ ಏಷ್ಯಾ ಪೆಸಿಫಿಕ್‌ಗೆ ಹಂಚುವ ಎಪಿನಿಕ್ ಬಳಿ 2400::/12 ಇದೆ. 'ಟೆಂಪರರಿ' ಎಂದು ಬರೆದ ವಿಳಾಸವೂ ಇದೇ ಗುಂಪು. ನಿಮ್ಮ ಜಾಡು ಸುಲಭವಾಗಿ ಸಿಗದಿರಲಿ ಎಂದು ಅದರ ಬಲಭಾಗ ಆಗಾಗ ಬದಲಾಗುತ್ತದೆ. ಹಾಗಾಗಿ ಸರ್ವರಿನಲ್ಲಿ ಯಾರನ್ನಾದರೂ ಬ್ಲಾಕ್ ಮಾಡುವವರು ಒಂದೇ ವಿಳಾಸ ಹಿಡಿದು ಕೂತರೆ ಪ್ರಯೋಜನವಿಲ್ಲ, /64 ಪೂರ್ತಿ ನೋಡಬೇಕು.

ಎಫ್‌ಡಿ ಅಂದರೆ ಆಫೀಸಿನೊಳಗಿನ ಖಾಸಗಿ ವಿಳಾಸ. ಎಫ್‌ಡಿ ನಂತರದ 40 ಬಿಟ್‌ಗಳನ್ನು ಯದ್ವಾತದ್ವಾ ಆರಿಸಿ. ಎಲ್ಲರೂ ಸೊನ್ನೆಯನ್ನೇ ಹಾಕಿದರೆ ನಾಳೆ ಎರಡು ಆಫೀಸನ್ನು ವಿಪಿಎನ್‌ನಲ್ಲಿ (ಇಂಟರ್ನೆಟ್ ಮೂಲಕದ ಖಾಸಗಿ ಜೋಡಣೆ) ಜೋಡಿಸುವಾಗ ಜಗಳ ಗ್ಯಾರಂಟಿ. ಎಫ್‌ಎಫ್ ಅಂದರೆ ಮಲ್ಟಿಕಾಸ್ಟ್, ಒಂದೇ ಸಲಕ್ಕೆ ಒಂದು ಗುಂಪಿನ ಸಾಧನಗಳಿಗೆ ಕಳಿಸುವುದು. ::1 ನಿಮ್ಮದೇ ಯಂತ್ರ. ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ವಿ6ರಲ್ಲಿ ಇಲ್ಲವೇ ಇಲ್ಲ.

ಎಫ್‌ಇ80 ಒಂದೇ ಕಂಡಿತಾ? ರೌಟರಿನ ಸೆಟ್ಟಿಂಗ್‌ನಲ್ಲಿ ಐಪಿ ವಿ6 ಆನ್ ಇದೆಯಾ ನೋಡಿ. ಇದ್ದೂ 2ರಿಂದ ಶುರುವಾಗುವ ವಿಳಾಸ ಬರಲಿಲ್ಲವೆಂದರೆ, ನಿಮ್ಮ ಲೈನಿಗೆ ವಿ6 ಪ್ರಿಫಿಕ್ಸ್ ಕೊಟ್ಟಿದ್ದೀರಾ ಎಂದು ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ ಕೇಳಿ.