ಉಸಾಗಿಯ ಕೆಂಪು ಬೋ ಜೋತು ಬೀಳದಂತೆ ಹೊಲಿದಿದ್ದು

ಸೇಲರ್ ಮೂನ್ ವೇಷ ಹೊಲಿಯೋಕೆ ಕೂತ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಚಿತ್ರದ ಬಟ್ಟೆಗೆ ತೂಕ ಇರುವುದಿಲ್ಲ. 1992ರ ಮಾರ್ಚ್‌ನಲ್ಲಿ ಜಪಾನಿನ ಟಿವಿಯಲ್ಲಿ ಶುರುವಾಗಿ 1997ರವರೆಗೆ 200 ಕಂತು ಬಂದ ಕಾರ್ಟೂನ್ ಧಾರಾವಾಹಿ ಸೇಲರ್ ಮೂನ್. ಅದರಲ್ಲಿ ಸೇಲರ್ ಮೂನ್ ಆಗಿ ಬದಲಾಗುವ ಹುಡುಗಿ ಉಸಾಗಿ ಎಷ್ಟೇ ಓಡಲಿ, ಬೀಳಲಿ, ಬೆನ್ನ ಹಿಂದಿನ ಆ ದೊಡ್ಡ ಕೆಂಪು ಬೋ ನೆಟ್ಟಗೇ ಇರುತ್ತದೆ. ನಾನು ಸ್ಯಾಟಿನ್‌ನಲ್ಲಿ ಮಾಡಿದ್ದು ಐದು ನಿಮಿಷಕ್ಕೆ ಬಾಡಿದ ವೀಳ್ಯದೆಲೆ ಥರ ಜೋತು ಬಿತ್ತು.

ಬೋ ಅನ್ನು ಗಂಟು ಹಾಕಿ ಮಾಡಬೇಡಿ. ಎರಡು ಕುಣಿಕೆ, ನಡುವಿನ ಪಟ್ಟಿ, ಕೆಳಗಿನ ಬಾಲ, ಎಲ್ಲವನ್ನೂ ಬೇರೆ ಬೇರೆ ಹೊಲಿದು ಆಮೇಲೆ ಸೇರಿಸಿ. ಕುಣಿಕೆಯ ಒಳಗೆ ದಪ್ಪ ಬಕ್ರಮ್ (ಬಿಗಿಯಾಗಿ ನಿಲ್ಲಲು ಒಳಗೆ ಇಡುವ ಗಟ್ಟಿ ಬಟ್ಟೆ) ಇಟ್ಟೆ, ಬಾಲಕ್ಕೆ ಇಡಲಿಲ್ಲ, ಯಾಕಂದರೆ ಬಾಲ ಗಾಳಿಗೆ ಅಲ್ಲಾಡಿದರೇನೇ ಚಂದ ಅಲ್ವಾ? ಇಷ್ಟಾದರೂ ಅದರ ಭಾರಕ್ಕೆ ಸ್ಕರ್ಟ್ ಹಿಂದಕ್ಕೆ ಎಳೆಯುತ್ತಿತ್ತು. ಕೊನೆಗೆ ಒಳಗೆ ಒಂದು ಬೆಲ್ಟ್ ಕಟ್ಟಿಕೊಂಡು ಬೋ ಅನ್ನು ಟಿಚ್ ಬಟನ್‌ನಿಂದ ಅದಕ್ಕೇ ಸಿಕ್ಕಿಸಿದೆ.

ನೀಲಿ ಸ್ಕರ್ಟಿನ ಲೆಕ್ಕ ಸುಲಭ. ಕಾಣುವ 1 ಇಂಚು ನೆರಿಗೆಗೆ ಒಟ್ಟು 3 ಇಂಚು ಬಟ್ಟೆ ಬೇಕು. ನನ್ನ ಸೊಂಟ 28, ಅಂದರೆ 84 ಇಂಚು, ಹೊಲಿಗೆಗೆ ಬಿಡುವುದು ಬೇರೆ. ಕಾಟನ್‌ನಲ್ಲಿ ನಾನು ಕೂತ ತಕ್ಷಣ ನೆರಿಗೆ ಬಿಟ್ಟುಹೋಯಿತು, ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ನಿಂತಿತು. "ಮೊದಲು ಕಚ್ಚಾ ಹೊಲಿಗೆ ಹಾಕೇ, ಆಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡು" ಅಂತ ಅಮ್ಮ ಹೇಳಿದ್ದನ್ನು ಕೇಳಿದ್ದಕ್ಕೇ ಅದು ಸಾಧ್ಯವಾಗಿದ್ದು. ಕಾಲರಿನ ಮೂರು ಬಿಳಿ ಗೆರೆಗೆ ಸಣ್ಣ ಟೇಪ್ ಸಾಕು, ಮೂಲೆಯಲ್ಲಿ ಮಡಚಿ ತಿರುಗಿಸಿ.

ಇನ್ನು ಕೂದಲು. ತಲೆಯ ಮೇಲಿನ ಆ ಎರಡು ಉಂಡೆಗೆ ಜಪಾನಿನಲ್ಲಿ ಒದಾಂಗೊ ಅನ್ನುತ್ತಾರೆ, ಅಕ್ಕಿ ಹಿಟ್ಟಿನ ಉಂಡೆ ತಿಂಡಿಯ ಹೆಸರು ಅದು. ಒಳಗೆ ಥರ್ಮಾಕೋಲ್ ಚೆಂಡು ಇಟ್ಟು ಮೇಲೆ ಕೂದಲು ಸುತ್ತಿದೆ, ವಿಗ್ ಹಗುರಾಯಿತು. ಅದರ ಮೇಲಿನ ಕೆಂಪು ಬಿಲ್ಲೆಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮೊದಲ ಕಂತಿನಲ್ಲಿ ಉಸಾಗಿ ಹೆದರಿ ಜೋರಾಗಿ ಅತ್ತಾಗ ಆ ಅಳುವಿನ ಸದ್ದೇ ಆ ಬಿಲ್ಲೆಗಳಿಂದ ಹೊಮ್ಮಿ ಶತ್ರುಗಳು ಕಿವಿ ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಅಳುಬುರುಕಿಯೊಬ್ಬಳು ಅಳುತ್ತಲೇ ಗೆಲ್ಲುವುದನ್ನು ನೋಡಿಯೇ ನಾನು ಇವಳನ್ನು ಆರಿಸಿಕೊಂಡಿದ್ದು.

ಅವಳ ಪೂರ್ತಿ ಹೆಸರು ತ್ಸುಕಿನೊ ಉಸಾಗಿ. ಕೇಳುವಾಗ 'ಚಂದ್ರನ ಮೊಲ' ಅಂತಲೇ ಅರ್ಥವಾಗುತ್ತದೆ. ಅಜ್ಜಿ ನನಗೆ ಊಟ ಮಾಡಿಸುತ್ತಾ ಚಂದ್ರನಲ್ಲಿ ತೋರಿಸುತ್ತಿದ್ದ ಮೊಲವೇ ಇದು, ಶಶಿ ಅನ್ನುವ ಹೆಸರಿನೊಳಗೆ ಕೂತಿರುವ ಮೊಲ! ಇದು ತಿಳಿದ ದಿನ ಹಣೆಪಟ್ಟಿಗೆ ಚಿನ್ನದ ಬಣ್ಣ ಹಚ್ಚುತ್ತಾ ಕೂತಿದ್ದೆ. ಬಣ್ಣ ಒಣಗಲು ತಾರಸಿಯಲ್ಲಿಟ್ಟು ಅಲ್ಲೇ ತುಂಬಾ ಹೊತ್ತು ಮೇಲೆ ನೋಡುತ್ತಾ ನಿಂತೆ.

ಈ ವೇಷ ಹಾಕಿಕೊಂಡು ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳಕ್ಕೆ ಹೋಗುವಾಗ ಆಟೋದಲ್ಲಿ ಒರಗಿ ಕೂತಿದ್ದರಿಂದ ಎಡಗಡೆ ಕುಣಿಕೆ ಸ್ವಲ್ಪ ಮಡಚಿತು. ಬೋ ಅನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಟಿಚ್ ಬಟನ್ ಇರುವುದೇ ಅದಕ್ಕೆ.