ರದ್ದಾದ ವಿಮಾನದ 2400 ಯೂರೊ ನಾನು ವಸೂಲು ಮಾಡಿದ ಬಗೆ

ನಾಲ್ಕು ಟಿಕೆಟ್, ತಲಾ 600 ಪರಿಹಾರ, ಒಟ್ಟು 2400 ಯೂರೊ. ಏಜೆನ್ಸಿ ಇಲ್ಲ, ವಕೀಲರಿಲ್ಲ, ನೇರ ನನ್ನ ಖಾತೆಗೆ ಬಂತು. "ಏರ್‌ಲೈನಿನವರು ಹಾಗೆಲ್ಲ ದುಡ್ಡು ಬಿಚ್ಚಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂತ ಭಾವ ಹೇಳಿದ್ದರು. ಆಫೀಸಿನವರೂ ಅದನ್ನೇ ಹೇಳಿದ್ದರು. ಏಳೆಂಟು ತಿಂಗಳು ಹಿಡಿಯಿತು, ಆದರೆ ಒಂದು ಸೆಂಟೂ ಕಮ್ಮಿಯಾಗಲಿಲ್ಲ.

ವಿಮಾನ ರದ್ದಾದರೆ ಕಂಪನಿ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು ಅನ್ನುವ ಯುರೋಪಿಯನ್ ಒಕ್ಕೂಟದ 261/2004 ನಿಯಮವನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಇದಕ್ಕೆ ಮುಂಚಿನ ಪ್ರಯಾಣಗಳಲ್ಲಿ ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲ ಸಲ ಎಡವಿದ್ದು ದಿಕ್ಕಿನಲ್ಲಿ. ಏಷ್ಯಾದಿಂದ ಯುರೋಪಿಗೆ ಹೊರಟಿದ್ದೆ, ಕಂಪನಿ ಯುರೋಪಿನದ್ದಲ್ಲ. ಒಂಬತ್ತೋ ಹತ್ತೋ ಮೇಲ್ ಬರೆದೆ. ಆ ದಿಕ್ಕಿನಲ್ಲಿ ಯುರೋಪಿನ ಕಂಪನಿಯಾದರೆ ಮಾತ್ರ ಈ ನಿಯಮ ಹಿಡಿಯುತ್ತದೆ. ಯುರೋಪಿನಿಂದ ಹೊರಟಿದ್ದರೆ ಯಾವ ಕಂಪನಿಯಾದರೂ ಸರಿ. ಎರಡನೇ ಸಲ 200 ಯೂರೊ ವೋಚರಿಗೆ ಅವಸರದಲ್ಲಿ ಒಪ್ಪಿಗೆ ಒತ್ತಿಬಿಟ್ಟೆ. ವೋಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಇರುವ ಒಪ್ಪಿಗೆ ಬೇಕು, ಇಲ್ಲದಿದ್ದರೆ ದುಡ್ಡೇ ಕೊಡಬೇಕು ಅಂತ 7ನೇ ವಿಧಿ ಹೇಳುತ್ತದೆ. ಅದನ್ನು ನಾನು ಓದಿದ್ದು ಆಮೇಲೆ.

ಈ ಸಲ ಹೊರಟಿದ್ದು ಜರ್ಮನಿಯಿಂದ, ದೂರ 3500 ಕಿ.ಮೀ.ಗಿಂತ ಎಷ್ಟೋ ಜಾಸ್ತಿ, ಅಂದರೆ ತಲಾ 600ರ ಲೆಕ್ಕ. ರದ್ದಾಗಿದೆ ಅಂತ ಮೆಸೇಜ್ ಬಂದಾಗ ಹೊರಡಲು ಐದು ಗಂಟೆ ಬಾಕಿ. ಕೌಂಟರಿನ ಹುಡುಗಿ ತಲೆಗೆ ಹತ್ತು ಯೂರೊದ ಊಟದ ಕೂಪನ್ ನಾಲ್ಕು ಕೊಟ್ಟಳು, ಪಕ್ಕದಲ್ಲೇ ರೀಫಂಡ್ ಫಾರಂ ಇಟ್ಟಳು. ನಾನು ಫಾರಂ ಮುಟ್ಟಲಿಲ್ಲ. ರೀಫಂಡ್ ತಗೊಂಡರೆ ಬದಲಿ ವಿಮಾನವೂ ಹೋಯಿತು, ಹೋಟೆಲ್ ಖರ್ಚೂ ನಮ್ಮ ತಲೆಗೆ. "ಬದಲಿ ವಿಮಾನ ಕೊಡಿ, ರದ್ದಾದ ಕಾರಣ ಬರೆದುಕೊಡಿ" ಅಂದೆ. ಬರೆದುಕೊಡಲು ಒಪ್ಪಲಿಲ್ಲ. ಬೋರ್ಡಿನ ಫೋಟೊ ತೆಗೆದುಕೊಂಡೆ.

ಕೊನೆಗೆ ಮುಟ್ಟಿದ್ದು ಸುಮಾರು 26 ಗಂಟೆ ತಡವಾಗಿ. ಇಷ್ಟು ದೂರಕ್ಕೆ ಬದಲಿ ವಿಮಾನ ನಾಲ್ಕು ಗಂಟೆಯೊಳಗಿನ ತಡದಲ್ಲಿ ಮುಟ್ಟಿಸಿದ್ದರೆ 600 ಅರ್ಧಕ್ಕೆ ಇಳಿಯುತ್ತಿತ್ತು. ಹೋಟೆಲ್, ಟ್ಯಾಕ್ಸಿ ಸೇರಿ 215 ಯೂರೊ ಆಗಿತ್ತು. ಅದು ಪರಿಹಾರದ ಲೆಕ್ಕಕ್ಕೆ ಸೇರಲ್ಲ, ಬೇರೆಯಾಗಿಯೇ ಕೇಳಬೇಕು. ಟ್ಯಾಕ್ಸಿ ರಸೀದಿ ಮೂರು ತಿಂಗಳಿಗೆ ಪೂರ್ತಿ ಬೆಳ್ಳಗಾಗಿತ್ತು. ಅವತ್ತೇ ಫೋಟೊ ತೆಗೆದಿಟ್ಟಿದ್ದಕ್ಕೆ ಆ 35 ಯೂರೊ ಉಳಿಯಿತು.

ಪರಿಹಾರ ಕೇಳಿ ಕಂಪನಿಗೆ ಮೊದಲ ಪತ್ರ ಬರೆದೆ. ಐದು ವಾರ ಬಿಟ್ಟು ಉತ್ತರ ಬಂತು: ಹವಾಮಾನ ಕೆಟ್ಟಿತ್ತು, ಅಸಾಧಾರಣ ಪರಿಸ್ಥಿತಿ, ಪರಿಹಾರ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು. ಅವತ್ತು ಬಿಸಿಲಿತ್ತು! ಇಲ್ಲಿಂದ ನನ್ನ ಪ್ರಯೋಗ ಶುರು. ವಿಮಾನ ನಿಲ್ದಾಣಗಳ ಹವಾಮಾನ ವರದಿ, ಮೆಟಾರ್ ಅಂತಾರೆ, ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಬರುತ್ತದೆ, ಹಳೆಯದೂ ಸಿಗುತ್ತದೆ. ಎರಡೂ ಕಡೆಯ ಹತ್ತು ಗಂಟೆಯ ವರದಿ ತೆಗೆದೆ. ಮಳೆ ಇಲ್ಲ, ಮಂಜಿಲ್ಲ, ಗಾಳಿಯೂ ಅಷ್ಟಿಲ್ಲ. ಫ್ಲೈಟ್‌ರಾಡಾರ್24 ಅನ್ನುವ, ವಿಮಾನಗಳ ಜಾಡು ತೋರಿಸುವ ತಾಣದಲ್ಲಿ ಅದೇ ಗಂಟೆಗೆ ಹಾರಿದ ಬೇರೆ ವಿಮಾನಗಳನ್ನು ಎಣಿಸಿದೆ, ಮೂವತ್ತರ ಮೇಲಿದ್ದವು. ನಮ್ಮ ವಿಮಾನದ ನೋಂದಣಿ ಸಂಖ್ಯೆ ಹುಡುಕಿದರೆ, ಅದು ಹಿಂದಿನ ರಾತ್ರಿಯಿಂದ ಅಲ್ಲೇ ನಿಂತಿತ್ತು. ಎರಡು ಭಾನುವಾರ ಇದಕ್ಕೇ ಹೋಯಿತು. ಇಷ್ಟೆಲ್ಲ ಬೇಕಿರಲಿಲ್ಲ ಅನ್ನುವವರಿದ್ದಾರೆ, ಆದರೆ ಇದನ್ನು ಎರಡನೇ ಪತ್ರದಲ್ಲಿ ಹಾಕಿದ ಮೇಲೆಯೇ ಅವರ ಉತ್ತರದ ಧಾಟಿ ಬದಲಾದದ್ದು.

ಎರಡನೇ ಉತ್ತರದಲ್ಲಿ ಹವಾಮಾನ ಮಾಯ, "ತಾಂತ್ರಿಕ ದೋಷ" ಬಂತು. ನನಗೆ ಬೇಕಿದ್ದದ್ದೂ ಅದೇ. ಮಾಮೂಲಿ ತಾಂತ್ರಿಕ ದೋಷ ಅಸಾಧಾರಣವಲ್ಲ ಅಂತ ಯುರೋಪಿನ ನ್ಯಾಯಾಲಯ 2008ರಲ್ಲೇ ಹೇಳಿದೆ, 2015ರಲ್ಲಿ ಮತ್ತೆ ಹೇಳಿದೆ. ಆ ತೀರ್ಪುಗಳ ಸಂಖ್ಯೆ ಸಿ-549/07, ಸಿ-257/14. ಈ ಎರಡು ಸಂಖ್ಯೆ, ಮೆಟಾರ್ ಹಾಳೆ, ಅವರದೇ ಎರಡು ಬೇರೆ ಬೇರೆ ಕಾರಣಗಳು, ಇಷ್ಟನ್ನು ಒಂದೇ ಪುಟದಲ್ಲಿ ಇಟ್ಟೆ. ಒಂದು ಪುಟ ದಾಟಿದರೆ ಓದಲ್ಲ. ಆ ಮೂರನೇ ಪತ್ರ ಯಾರ ಹೆಸರಿಗೆ ಕಳಿಸಿದೆ, ಕೊನೆಯ ಸಾಲು ಏನಿತ್ತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಬರೆದರೆ ಅದರ ಬಿಸಿ ಹೋಗುತ್ತದೆ.

ನಡುವೆ ತಲೆಗೆ 300ರ ವೋಚರ್ ತೋರಿಸಿದರು. ಬೇಡ ಅಂದೆ. ಮಗಳಿಗೆ ನಾಲ್ಕು ವರ್ಷ, ಅವಳಿಗೆ ಅರ್ಧ ಕೊಡ್ತೀವಿ ಅಂದರು. ಅವಳಿಗೂ ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೇವೆ, ಪೂರ್ತಿ 600 ಅಂದೆ. ಮೊದಲ ಪತ್ರ ಕಳಿಸಿ ಎರಡು ತಿಂಗಳು ದಾಟಿದ್ದರಿಂದ ಜರ್ಮನಿಯ ಪ್ರಯಾಣಿಕರ ರಾಜಿ ಸಂಸ್ಥೆಗೂ ದೂರು ಹಾಕಿದೆ. ನಮಗೆ ಅಲ್ಲಿ ಶುಲ್ಕವಿಲ್ಲ. ಅವರು ತೀರ್ಮಾನ ಹೇಳುವ ಮೊದಲೇ ದುಡ್ಡು ಬಂತು. ಏಜೆನ್ಸಿಗೆ ಕೊಟ್ಟಿದ್ದರೆ ಏನಿಲ್ಲವೆಂದರೂ 600 ಅವರ ಪಾಲಾಗುತ್ತಿತ್ತು. ಗೆಳೆಯನೊಬ್ಬ ಮೂರನೇ ಒಂದು ಪಾಲು ಬಿಟ್ಟುಕೊಟ್ಟಿದ್ದಾನೆ.

ಆಮೇಲೆ ಇನ್ನೂ ಮೂರು ಮನೆಯವರಿಗೆ ಪತ್ರ ಬರೆದುಕೊಟ್ಟೆ, ಇಬ್ಬರಿಗೆ ಬಂತು. ಈಗ ಭಾವನದೇ ಒಂದು ಕೇಸು ಕೈಯಲ್ಲಿದೆ. ಪೈಲಟ್‌ಗಳ ಮುಷ್ಕರ, ಕಂಪನಿಯ ಸ್ವಂತ ನೌಕರರು. ಅದು ಅಸಾಧಾರಣವಲ್ಲ ಅನ್ನುವ 2021ರ ತೀರ್ಪು ಜೊತೆಗಿಟ್ಟು ಕಳಿಸಿದ್ದೇನೆ. ಮುಂದಿನ ವಾರಕ್ಕೆ ಎರಡು ತಿಂಗಳು ತುಂಬುತ್ತದೆ.